ಗುಡ್ಡಿ ನೋಡಿದವರು ‘ಸಿನಿಮಾ ಪೈತ್ತಿಯಂ’ ನೋಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹಿಂದಿಯ ‘ಗುಡ್ಡಿ’ ಇಷ್ಟವಾಗಿದೆ, ಅದರ ತಮಿಳು ರೀಮೇಕ್ ‘ಸಿನಿಮಾ ಪೈತ್ತಿಯಂ’ ನೋಡಬಹುದಾ, ಇಲ್ಲಾ ಟೈಮ್ ವೇಸ್ಟಾ?

ನೋಡಿ. ಆದರೆ ಇನ್ನೊಂದು ಗುಡ್ಡಿ ಸಿಗುತ್ತದೆ ಅಂದುಕೊಂಡು ಕೂರಬೇಡಿ.

ಪೈತ್ತಿಯಂ ಅಂದರೆ ಹುಚ್ಚು. ಪಿತ್ತದಿಂದ ಬಂದ ಮಾತು. ನಾವೂ ‘ಪಿತ್ತ ನೆತ್ತಿಗೇರಿದೆ’ ಅಂತೀವಲ್ಲ, ಅದೇ ಪಿತ್ತ. 1975ರ ಸಿನಿಮಾ, ನಿರ್ದೇಶನ ಮುಕ್ತಾ ವಿ. ಶ್ರೀನಿವಾಸನ್ ಅವರದ್ದು. ಹೀರೋ ಹುಚ್ಚು ಹತ್ತಿದ ಹುಡುಗಿಯಾಗಿ ಜಯಚಿತ್ರಾ. ಕಮಲ್ ಹಾಸನ್ ಕೂಡ ಇದ್ದಾರೆ, ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. 1971ರ ಗುಡ್ಡಿಯಲ್ಲಿ ಧರ್ಮೇಂದ್ರ ತಾವಾಗಿಯೇ ಬಂದ ಹಾಗೆ ಇಲ್ಲಿ ತಮಿಳು ಹೀರೋ ಜೈಶಂಕರ್ ಜೈಶಂಕರ್ ಆಗಿಯೇ ಬರುತ್ತಾರೆ.

ನನ್ನ ತಲೆ ಕೆಡಿಸಿದ್ದು ಇದೇ. ಯಾಕೆ ಜೈಶಂಕರ್? ತಮಿಳುನಾಡಿನಲ್ಲಿ ಹುಚ್ಚು ಅಭಿಮಾನ ಅಂದ ತಕ್ಷಣ ನೆನಪಾಗೋದು ಎಂಜಿಆರ್, ಅಲ್ವಾ?

ಕತೆಯನ್ನೊಮ್ಮೆ ನೆನಪು ಮಾಡಿಕೊಳ್ಳಿ. ಧರ್ಮೇಂದ್ರನ ಹುಚ್ಚು ಹತ್ತಿದ ಹುಡುಗಿ ಗುಡ್ಡಿಯನ್ನು, ಆ ಹುಚ್ಚು ಬಿಡಿಸೋಕೆ ಅಂತ ಶೂಟಿಂಗಿಗೆ ಕರೆದುಕೊಂಡು ಹೋಗುತ್ತಾರೆ. ಏಟು ತಿನ್ನೋದು ಡ್ಯೂಪು, ಚಪ್ಪಾಳೆ ಸಿಗೋದು ಹೀರೋಗೆ. ಪರದೆ ಮೇಲೆ ಕೇಡಿಯಾದ ಪ್ರಾಣ್ ಹೊರಗೆ ಮೆತ್ತನೆಯ ಮನುಷ್ಯ. ‘ನೀನು ನೋಡಿದ್ದೆಲ್ಲ ಸುಳ್ಳಮ್ಮ, ನಾನೂ ಮಾಮೂಲಿ ಮನುಷ್ಯ’ ಅಂತ ಹೀರೋನೇ ಒಪ್ಪಿಕೊಂಡರೆ ಮಾತ್ರ ಈ ಕತೆ ನಡೆಯೋದು.

ಎಂಜಿಆರ್ ಇದನ್ನು ಒಪ್ಪಿಕೊಳ್ಳೋಕೆ ಆಗುತ್ತಿತ್ತಾ? ಪರದೆ ಮೇಲೆ ಸಿಗರೇಟು, ಹೆಂಡ ಮುಟ್ಟದೆ, ಬಡವರ ಪರ ನಿಂತು ಕಟ್ಟಿಕೊಂಡ ಹೆಸರು ಅದು. 1967ರ ಜನವರಿಯಲ್ಲಿ ನಟ ಎಂ.ಆರ್. ರಾಧಾ ಎಂಜಿಆರ್ ಮೇಲೆ ಗುಂಡು ಹಾರಿಸಿದರು. ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡ ಎಂಜಿಆರ್ ಫೋಟೋ ಚುನಾವಣೆ ಪೋಸ್ಟರಾಯಿತು, ಆಸ್ಪತ್ರೆಯಲ್ಲಿದ್ದುಕೊಂಡೇ ಗೆದ್ದರು. 1972ರಲ್ಲಿ ಸ್ವಂತ ಪಕ್ಷ, 1977ರಲ್ಲಿ ಮುಖ್ಯಮಂತ್ರಿ. ಈ ಸಿನಿಮಾ ಬಂದದ್ದು ಸರಿಯಾಗಿ ಅದರ ನಡುವೆ. ಆ ಹೊತ್ತಿನಲ್ಲಿ ಮದ್ರಾಸಿನಲ್ಲಿ ಕೂತು ‘ಹೀರೋ ಬೇರೆ, ಪಾತ್ರ ಬೇರೆ’ ಅಂದರೆ ಅದು ಬರೀ ಸಿನಿಮಾ ಮಾತಾಗಿ ಉಳಿಯುತ್ತಿರಲಿಲ್ಲ. (ನಮ್ಮಲ್ಲಿ ಅದೇ ಕಾಲಕ್ಕೆ ಅಣ್ಣಾವ್ರನ್ನು ಹಾಕಿಕೊಂಡು ಇದನ್ನು ತೆಗೆಯೋ ಧೈರ್ಯ ಯಾರಿಗಿತ್ತು ಹೇಳಿ!)

ಜೈಶಂಕರ್‌ಗೆ ಆ ಭಾರ ಇರಲಿಲ್ಲ. ‘ದಕ್ಷಿಣದ ಜೇಮ್ಸ್ ಬಾಂಡ್’ ಅಂತ ಹೆಸರು, ಪತ್ತೇದಾರಿ ಪಾತ್ರ, ಕರ್ಣನ್ ನಿರ್ದೇಶನದಲ್ಲಿ ಕುದುರೆ ಏರಿದ ಕೌಬಾಯ್ ಪಾತ್ರ. ಸಿನಿಮಾ ಮೇಲೆ ಸಿನಿಮಾ ಬರುತ್ತಿದ್ದದ್ದಕ್ಕೆ ‘ಶುಕ್ರವಾರದ ಹೀರೋ’ ಅಂತಲೂ ಕರೆಯುತ್ತಿದ್ದರು. ಇಂಥವರು ಪಿಸ್ತೂಲು ಕೆಳಗಿಟ್ಟು ‘ಇದೆಲ್ಲ ಆಟ’ ಅಂದರೆ ಯಾರೂ ಬೇಜಾರಾಗಲ್ಲ. ಜಾಣ ಆಯ್ಕೆ. ಆದರೆ ಇದರಿಂದಲೇ ಕತೆ ಸ್ವಲ್ಪ ತೆಳುವಾಯಿತು ಅನ್ನೋದು ನನ್ನ ಲೆಕ್ಕ. ನಿಜವಾದ ದೇವರನ್ನು ಕೆಳಗಿಳಿಸದೆ ಪಕ್ಕದ ಗುಡಿಯ ಚಿಕ್ಕ ದೇವರನ್ನು ಇಳಿಸಿದ ಹಾಗೆ.

ಹಾಡುಗಳು ಶಂಕರ್–ಗಣೇಶ್ ಅವರದ್ದು. ಗುಡ್ಡಿಯ ‘ಬೋಲೆ ರೇ ಪಪೀಹರಾ’ ಹಾಡಿನ ಗುಂಗಿನಲ್ಲಿ ಕೂತರೆ ನಿರಾಸೆ ಆಗಬಹುದು. ಅದನ್ನು ಹಾಡಿದ ವಾಣಿ ಜಯರಾಂ ವೆಲ್ಲೂರಿನವರು, ಕನ್ನಡದಲ್ಲೂ ಎಷ್ಟೊಂದು ಹಾಡಿದ್ದಾರೆ.

ಎರಡೂ ಸಿನಿಮಾದ ಮೇಲೆ ನನ್ನದೊಂದು ತಕರಾರಿದೆ. ಹುಡುಗಿಗೆ ಹೀರೋ ಹುಚ್ಚು ಹಿಡಿದರೆ ಮನೆಮಂದಿಯೆಲ್ಲ ಸೇರಿ ಬಿಡಿಸಬೇಕು. ಕಟೌಟಿಗೆ ಹಾಲು ಸುರಿಯೋ ಹುಡುಗರನ್ನು ಮಾತ್ರ ಯಾವ ಮಾವನೂ ಶೂಟಿಂಗಿಗೆ ಕರೆದುಕೊಂಡು ಹೋಗಿ ಬುದ್ಧಿ ಹೇಳಲ್ಲ.

ನಮ್ಮ ಚಿಕ್ಕಮ್ಮ ಹುಡುಗಿಯಾಗಿದ್ದಾಗ ವಾರಪತ್ರಿಕೆಯಿಂದ ಹೀರೋಗಳ ಫೋಟೋ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದಳು. ಅಜ್ಜ ಅದನ್ನು ನೀರೊಲೆಗೆ ಹಾಕಿದ್ದರಂತೆ. ಅವಳ ಜೊತೆ ಕೂತು ಗುಡ್ಡಿ ನೋಡಿದ್ದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ, ‘ಆ ಹುಡುಗಿ ಮುಂದೆ ಸಿನಿಮಾ ನೋಡೋದು ಬಿಟ್ಟಳಾ?’ ಅಂದಳು. ನಾನು ಬಾಯಿ ತೆಗೆಯೋ ಮುಂಚೆ, ‘ಬಿಟ್ಟಿರಲ್ಲ ಬಿಡು’ ಅಂತ ಅವಳೇ ಹೇಳಿ ಒಳಗೆ ಹೋದಳು.