ಬರೀ ಆಟವಾಡಿಸಿದರೆ ಅದು ಥೆರಪಿಯೇ?

ಏಳು ವರ್ಷದ ಮಗಳು ಮೂರು ಸೆಷನ್ ಬರೀ ಆಟವಾಡಿ ಬಂದಳು, ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ನಿಲ್ಲಿಸಬೇಡಿ. ಆ ವಯಸ್ಸಿನ ಅನೇಕ ಮಕ್ಕಳಿಗೆ ಆತಂಕವನ್ನು ಮಾತಿನಲ್ಲಿ ಹೇಳಲು ಕಷ್ಟ. ಅದು ಹೊಟ್ಟೆನೋವಾಗಿ, ಹಟವಾಗಿ, ನಿದ್ದೆಗೇಡಾಗಿ ಹೊರಬರಬಹುದು. ಆಟದಲ್ಲಿ ಥೆರಪಿಸ್ಟ್ ಗಮನಿಸುವುದು ಇಂಥದ್ದನ್ನು: ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತದೆಯೇ, ಗೊಂಬೆ ಅತ್ತರೆ ಸಮಾಧಾನಕ್ಕೆ ಯಾರಾದರೂ ಬರುತ್ತಾರೆಯೇ, ಸೋತ ಮೇಲೆ ಸುಧಾರಿಸಿಕೊಳ್ಳಲು ಎಷ್ಟು ಹೊತ್ತು ಬೇಕು. ಮೊದಲ ಕೆಲವು ಭೇಟಿಗಳು ನಂಬಿಕೆ ಬೆಳೆಯಲಿಕ್ಕೇ ಹೋಗುತ್ತವೆ.

ಆದರೆ ಆಟವೊಂದನ್ನೇ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಎಸ್‌ಡಿಕ್ಯೂ ಎಂಬ, ಮಕ್ಕಳ ಭಾವನೆ ಮತ್ತು ನಡವಳಿಕೆಯ ಬಗ್ಗೆ ಕೇಳುವ 25 ಅಂಶಗಳ ಪ್ರಶ್ನಾವಳಿ ಇದೆ. ನೀವೊಂದು, ಶಿಕ್ಷಕರೊಂದು ಪ್ರತ್ಯೇಕವಾಗಿ ತುಂಬಿ. ಉತ್ತರಗಳು ಹೊಂದದಿದ್ದರೆ ಯಾರೋ ತಪ್ಪು ಹೇಳಿದರು ಎಂದಲ್ಲ, ತೊಂದರೆ ಯಾವ ಜಾಗದಲ್ಲಿ ಏಳುತ್ತಿದೆ ಎಂಬ ಸುಳಿವು ಅದು. ತೊಂದರೆಗಳ ಅಂಕ ಹೆಚ್ಚಿದ್ದರೆ ಮುಂದಿನ ತಪಾಸಣೆ ಬೇಕು ಎಂದಷ್ಟೇ ಅರ್ಥ, ಕಾಯಿಲೆ ಇದೆ ಎಂದಲ್ಲ.

ಮನೆಯಲ್ಲಿ ಎರಡು ವಾರ ಬರೆದಿಡಿ: ಅಳು ಅಥವಾ ಸಿಟ್ಟು ಬಂದ ಸಮಯ, ಅದಕ್ಕೆ ತುಸು ಮೊದಲು ನಡೆದದ್ದು, ಎಷ್ಟು ನಿಮಿಷ ಇತ್ತು. ಸೆಷನ್ ಮುಗಿದೊಡನೆ "ಏನು ಹೇಳಿದೆ?" ಎಂದು ಕೆದಕಬೇಡಿ, ಮಗು ಸೆಷನ್ ಒಳಗೂ ಬಾಯಿ ಮುಚ್ಚಿಕೊಳ್ಳಬಹುದು. ಗುರಿಗಳೇನು, ಪರಿಶೀಲನೆ ಯಾವಾಗ ಎಂದು ಥೆರಪಿಸ್ಟರನ್ನೇ ಕೇಳಿ.

ಸಾಯುವ ಮಾತು, ತನಗೇ ನೋವು ಮಾಡಿಕೊಳ್ಳುವುದು ಕಂಡರೆ ಮಾತ್ರ ಮುಂದಿನ ಸೆಷನ್‌ಗೆ ಕಾಯದೆ ಅಂದೇ ವೈದ್ಯರನ್ನು ಕಾಣಿ.