ಕನ್ನಡ ಸ್ಪೆಲ್‌ಚೆಕ್ ಪ್ರಾಜೆಕ್ಟ್‌ಗೆ ಒಂದೇ ರೆಪೊ ಸಾಕಾ, ನಾಲ್ಕು ಬೇಕಾ?

ಕಾಗುಣಿತ ನೋಡುವ ಲೈಬ್ರರಿ (ಉಳಿದವು ಬಳಸಿಕೊಳ್ಳುವ ಕೋಡ್), ವೆಬ್‌ಸೈಟ್, ಆಂಡ್ರಾಯ್ಡ್ ಆ್ಯಪ್, ಪದಪಟ್ಟಿ ಅಂತ ನಾಲ್ಕು ಭಾಗ ಇದೆ, ಹೇಗೆ ಇಡೋದು ಅಂತ ಕೇಳಿದ್ದೀರಿ. ಎರಡು ರೆಪೊ (ಫೈಲುಗಳನ್ನು ಬದಲಾವಣೆಗಳ ಹಿಸ್ಟರಿ ಸಮೇತ ಇಡುವ ಜಾಗ) ಮಾಡಿ. ಪದಪಟ್ಟಿ ಬೇರೆ, ಉಳಿದ ಮೂರೂ ಒಟ್ಟಿಗೆ. ನಾನೂ ಬೆಂಗಳೂರಿನಲ್ಲೇ ಇಂಥದ್ದೊಂದು ಸಣ್ಣ ಪ್ರಾಜೆಕ್ಟ್ ನೋಡಿಕೊಳ್ಳುತ್ತೇನೆ, ಅದನ್ನೂ ಹೀಗೇ ಇಟ್ಟಿದ್ದೇವೆ.

‘ರಾಜ್‌ಕುಮಾರ್’ ಪದ ತೆಗೆದುಕೊಳ್ಳಿ. ‘ಜ್’ ಆದಮೇಲೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇದೆ. ಅದಿಲ್ಲದಿದ್ದರೆ ‘ಕ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಪದ ಹುಡುಕುವ ಮೊದಲು ಲೈಬ್ರರಿ ಅದನ್ನು ತೆಗೆದುಹಾಕಿದರೆ ಅಕ್ಷರಗಳ ಎಣಿಕೆ ಒಂದು ಕಮ್ಮಿಯಾಗುತ್ತದೆ. ಆಗ ವೆಬ್‌ಸೈಟ್‌ನಲ್ಲೂ ಆ್ಯಪ್‌ನಲ್ಲೂ ಮುಂದಿನ ತಪ್ಪು ಪದಗಳ ಕೆಳಗಿನ ಕೆಂಪು ಗೆರೆ ಒಂದು ಸ್ಥಾನ ಪಕ್ಕಕ್ಕೆ ಸರಿಯುತ್ತದೆ. ಒಂದೇ ರೆಪೊ ಇದ್ದರೆ ಒಂದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆ) ಮೂರನ್ನೂ ಸರಿಮಾಡಿ, ಒಟ್ಟಿಗೆ ಟೆಸ್ಟ್ ಮಾಡಬಹುದು. ಮೂರು ರೆಪೊ ಆದರೆ ಮೊದಲು ಲೈಬ್ರರಿ ರಿಲೀಸ್ ಮಾಡಬೇಕು, ಆಮೇಲೆ ಎರಡು ಕಡೆ ವರ್ಷನ್ ಏರಿಸಬೇಕು. ಬಿಡುವಿನಲ್ಲಿ ಕೆಲಸ ಮಾಡುವವರಿಗೆ ಇದು ಸುಮ್ನೆ ಸುಸ್ತು, ಅಲ್ವಾ? ಕಂಪೈಲರ್ ಕಟ್ಟುವ ಎಲ್‌ಎಲ್‌ವಿಎಮ್‌ನಂಥ ದೊಡ್ಡ ಪ್ರಾಜೆಕ್ಟ್ ಕೂಡ 2019ರಲ್ಲಿ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಬಂದಾಗ ಅದರ ಸಿ ಭಾಷೆಯ ಕಂಪೈಲರ್ ಕ್ಲ್ಯಾಂಗ್ ಮುಂತಾದವನ್ನೆಲ್ಲ ಒಂದೇ ರೆಪೊದಲ್ಲಿ ಇಟ್ಟಿತು.

ಪದಪಟ್ಟಿಯ ಕಥೆ ಬೇರೆ. ಅದನ್ನು ತಿದ್ದುವವರು ಕನ್ನಡ ಮೇಷ್ಟ್ರು, ಪತ್ರಿಕೆಗಳಲ್ಲಿ ಕರಡು ತಿದ್ದುವವರು. ಬ್ರೌಸರ್‌ನಲ್ಲೇ ಪೆನ್ಸಿಲ್ ಗುರುತು ಒತ್ತಿ ಒಂದು ಪದ ಸೇರಿಸುವವರಿಗೆ ‘ಆಂಡ್ರಾಯ್ಡ್ ಬಿಲ್ಡ್ ಫೇಲ್’ (ಕೋಡ್‌ನಿಂದ ಆ್ಯಪ್ ತಯಾರಾಗಲಿಲ್ಲ) ಅಂತ ಕೆಂಪು ಗುರುತು ತೋರಿಸಿದರೆ ಅವರು ಮತ್ತೆ ಬರಲಿಕ್ಕಿಲ್ಲ. ಇವರು ಬಹಳ ಅಮೂಲ್ಯ ಜನ, ಅವರ ದಾರಿ ಸಲೀಸಾಗಿರಬೇಕು. ಲೈಸೆನ್ಸ್ (ಬಳಸಲು ಕೊಡುವ ಅನುಮತಿ) ಕೂಡ ಬೇರೆ ಇರಬಹುದು: ಕೋಡ್‌ಗೆ ಎಂಐಟಿ, ಪಟ್ಟಿಗೆ ಕ್ರಿಯೇಟಿವ್ ಕಾಮನ್ಸ್. ಬೇರೆ ಪ್ರಾಜೆಕ್ಟ್‌ನವರು ಪಟ್ಟಿಯನ್ನಷ್ಟೇ ಒಯ್ಯಬಹುದು.

ಎರಡನ್ನೂ ಜೋಡಿಸೋಕೆ ಸಬ್‌ಮಾಡ್ಯೂಲ್ (ಒಂದು ರೆಪೊ ಒಳಗೆ ಇನ್ನೊಂದನ್ನು ಕೊಂಡಿ ಹಾಕುವ ವ್ಯವಸ್ಥೆ) ಬೇಡ. ಹೊಸಬರು ಮಾಮೂಲಿಯಾಗಿ ಕ್ಲೋನ್ ಮಾಡಿದರೆ (ತಮ್ಮ ಕಂಪ್ಯೂಟರ್‌ಗೆ ನಕಲು ಇಳಿಸಿಕೊಂಡರೆ) ಆ ಫೋಲ್ಡರ್ ಖಾಲಿ ಇರುತ್ತದೆ, ಯಾಕೆ ಅಂತ ಅವರಿಗೆ ಗೊತ್ತಾಗುವುದಿಲ್ಲ. ಪಟ್ಟಿಗೆ ಆಗಾಗ ಟ್ಯಾಗ್ (ವರ್ಷನ್ ಗುರುತು) ಹಾಕಿ ರಿಲೀಸ್ ಮಾಡಿ. ಯಾವ ವರ್ಷನ್ ಬೇಕು ಅಂತ ಲೈಬ್ರರಿಯಲ್ಲಿ ಬರೆದಿಟ್ಟು, ಬಿಲ್ಡ್ ಹೊತ್ತಿಗೆ ಇಳಿಸಿಕೊಳ್ಳಿ.

ಮುಂದೆ ಆ್ಯಪ್‌ಗೆ ಬೇರೆ ತಂಡವೇ ಹುಟ್ಟಿಕೊಂಡರೆ ‘ಗಿಟ್ ಫಿಲ್ಟರ್-ರೆಪೊ’ ಅನ್ನೋ ಟೂಲ್ ಬಳಸಿ ಆ ಫೋಲ್ಡರನ್ನು ಹಿಸ್ಟರಿ ಸಮೇತ ಹೊರಗೆ ತೆಗೆಯಬಹುದು. ಎರಡೂ ರೆಪೊ ಒಂದೇ ಆರ್ಗನೈಸೇಶನ್‌ನಲ್ಲಿದ್ದರೆ (ತಂಡದ ಹೆಸರಿನ ಅಕೌಂಟ್) ಇಶ್ಯೂಗಳನ್ನೂ (ದಾಖಲಾದ ದೂರು, ಸಲಹೆ) ವರ್ಗಾಯಿಸಬಹುದು. ಅದಕ್ಕೇ ಗಿಟ್‌ಹಬ್‌ನಲ್ಲಿ ಈಗಲೇ ಒಂದು ಆರ್ಗನೈಸೇಶನ್ ತೆರೆದುಬಿಡಿ, ಒಬ್ಬರ ಸ್ವಂತ ಅಕೌಂಟ್‌ನಲ್ಲಿ ಇಡಬೇಡಿ. ನಮ್ಮೂರಲ್ಲಿ ಕೆಲಸ ಬದಲಾಗೋದು, ಊರು ಬಿಡೋದು ಮಾಮೂಲಿ. ಕನಿಷ್ಠ ಇಬ್ಬರಿಗೆ ಅಡ್ಮಿನ್ ಹಕ್ಕು ಇರಲಿ.