ಕಟ್ಟಡಕ್ಕಿಂತ ಮೊದಲೇ ಶಾಲೆ ಇತ್ತು

ಪ್ರಿಯ ಓದುಗರೇ,

ನಿಮ್ಮೂರಿನ ಹಳೇ ಹಂಚಿನ ಶಾಲೆಯ ಬಗ್ಗೆ ಬರೆದು, ಅದನ್ನು ಕಟ್ಟುವ ಮೊದಲು ಹಳ್ಳಿಗಳಲ್ಲಿ ಓದು ಬರಹವೇ ಇರಲಿಲ್ಲವಾ ಎಂದು ಕೇಳಿದ್ದೀರಿ. ಇತ್ತು. ಶಾಲೆಗೆಂದೇ ಕಟ್ಟಿದ ಮನೆ ಇರಲಿಲ್ಲ, ಅಷ್ಟೆ. ಪಾಠ ಹೇಳುವ ಐಗಳು ಕೂತ ಕಡೆ ಶಾಲೆ. ಗುಡಿ, ಮಠ, ಯಾರದೋ ಮನೆಯ ಜಗಲಿ, ಎಲ್ಲಾದರೂ ಸರಿ. ಇವನ್ನೇ ಕೂಲಿಮಠ ಎನ್ನುತ್ತಿದ್ದರು.

ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿನ ಸರಕಾರಕ್ಕೆ ಒಂದು ವರದಿ ಕಳಿಸಿದ. ಆಗ ಆ ಜಿಲ್ಲೆ ಈಗಿನದಕ್ಕಿಂತ ತುಂಬ ದೊಡ್ಡದು. ಅಲ್ಲಿ 533 ಶಾಲೆಗಳಿದ್ದವು, ಅವುಗಳಲ್ಲಿ 235 ಕನ್ನಡದವು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಆರಕ್ಕೇ ಶಾಲೆ ಶುರು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಜಾಸ್ತಿ. ಕೊನೆಗೆ ಬಂದ ಮಗುವಿನ ಕೈ ನೆನೆದರೆ ಈಗಲೂ ಸಂಕಟವಾಗುತ್ತದೆ.

ಜನ ಬಡವರಾಗಿದ್ದಾರೆ, ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದೂ ಕ್ಯಾಂಬೆಲ್ ಬರೆದಿದ್ದಾನೆ. ಇದನ್ನು ಓದಿ 'ಹಿಂದೆ ಎಲ್ಲ ಚೆನ್ನಾಗಿತ್ತು' ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ವರದಿ ಪ್ರಕಾರ ಆರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ ಹುಡುಗಿಯರು ಬರೀ 60. ಊರಾಚೆಯ ಕೇರಿಯ ಮಕ್ಕಳಿಗಂತೂ ಹೆಚ್ಚಿನ ಕಡೆ ಆ ಜಗಲಿ ಹತ್ತುವ ಹಾಗೇ ಇರಲಿಲ್ಲ. ಸರಕಾರಿ ಶಾಲೆ ಬಂದ ಕೂಡಲೇ ಇದು ಸರಿಹೋಯಿತೆಂದೂ ಅಲ್ಲ. 1856ರಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಲು ಹೋದ, ಆಗ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗನಿಗೆ ಪ್ರವೇಶ ಸಿಗಲಿಲ್ಲ. ಅವನು ಸುಮ್ಮನಾಗಲಿಲ್ಲ, ಸರಕಾರಕ್ಕೇ ಅರ್ಜಿ ಹಾಕಿದ. ಮಾತು ಲಂಡನ್‌ವರೆಗೆ ಹೋಯಿತು. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ನನಗೆ ದೊಡ್ಡ ಘಟನೆ ಇದೇ.

ಇನ್ನು ನಿಮ್ಮ ಹಂಚಿನ ಕಟ್ಟಡ. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ರೂಪಿಸಿದವರು ಬಿ.ಎಲ್. ರೈಸ್, ನಾಡಿನ ಹಳೇ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಅದೇ ರೈಸ್. ಮೇಷ್ಟ್ರನ್ನು ಸರಕಾರ ಕೊಡುತ್ತದೆ, ಶಾಲೆಯ ಮನೆಯನ್ನು ಊರವರು ಒದಗಿಸಬೇಕು ಎಂಬುದು ಏರ್ಪಾಡು. ಹಳೇ ಮೈಸೂರಿನ ಎಷ್ಟೋ ಶಾಲೆಗಳ ಹಿಂದೆ ಊರವರ ದುಡ್ಡು, ಮರ, ಮೈಬೆವರು ಇರುವುದು ಇದಕ್ಕೇ.

ನಿಮ್ಮ ಶಾಲೆಯಲ್ಲಿ ಹಳೇ ದಾಖಲಾತಿ ಪುಸ್ತಕ ಉಳಿದಿದ್ದರೆ ಹೆಡ್‌ಮೇಷ್ಟ್ರನ್ನು ಕೇಳಿ ನೋಡಿ. ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಕೇರಿಯ ಮಕ್ಕಳು ಯಾವಾಗ ಬಂದರು ಎಂದು ಗುರುತು ಹಾಕಿಕೊಂಡು ನಮಗೆ ಬರೆಯಿರಿ. ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ